ಹಳಿಯ ಕೆಳಗೆ ಏನಿರಬೇಕು?

ಕೊಪ್ಪ ತಾಲ್ಲೂಕಿನ ಜಯಪುರದ ಮಕ್ಕಳು ರೈಲು ಹತ್ತಬೇಕಾದರೆ ಮೊದಲು ಬಸ್ಸು ಹತ್ತಿ ಶಿವಮೊಗ್ಗಕ್ಕೋ ತರೀಕೆರೆಗೋ ಹೋಗಬೇಕು. ಆದರೆ ಪಕ್ಕದ ನರಸಿಂಹರಾಜಪುರಕ್ಕೆ ಒಂದು ಕಾಲದಲ್ಲಿ ತರೀಕೆರೆಯಿಂದ ಎರಡು ಅಡಿ ಅಗಲದ ಹಳಿಯ ಮೇಲೆ ಪುಟ್ಟ ರೈಲು ಬರುತ್ತಿತ್ತು. ಅಂಥ ರೈಲಿನ ಮಾದರಿಯನ್ನು ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಮಾಡಿದರೆ ಎಷ್ಟು ಚೆನ್ನ! ಎಂಜಿನ್, ಬೋಗಿ, ಹಳಿ ಅಂಗಡಿಯಲ್ಲಿ ಸಿಗುತ್ತವೆ. ಸೋಲುವುದು ಹಳಿಯ ಕೆಳಗಿನ ಹಾಸಿನಲ್ಲಿ. ಹಾಸು ಉಬ್ಬಿದರೆ ಪ್ರದರ್ಶನದ ದಿನವೇ ಗಾಡಿ ಹಳಿ ತಪ್ಪುತ್ತದೆ.

ನಿಜವಾದ ರೈಲಿನಲ್ಲಿ ಈ ಹಾಸು ಎಂದರೆ ಜಲ್ಲಿ. ಅದು ಸ್ಲೀಪರಿನ ಭಾರವನ್ನು ನೆಲಕ್ಕೆ ಹಂಚುತ್ತದೆ, ಮಳೆನೀರನ್ನು ಬಸಿಯುತ್ತದೆ, ಅದುರನ್ನು ತಡೆಯುತ್ತದೆ, ಹಳಿ ಪಕ್ಕಕ್ಕೆ ಸರಿಯದಂತೆ ಹಿಡಿಯುತ್ತದೆ. ಹೊಳೆಯ ನುಣುಪುಕಲ್ಲು ಇದಕ್ಕೆ ಬಾರದು, ಉರುಳುತ್ತದೆ. ನಮ್ಮ ಮಲೆನಾಡಿನ ಜಂಬಿಟ್ಟಿಗೆಯೂ ಬಾರದು, ಪುಡಿಯಾಗಿ ನೀರಿನ ದಾರಿ ಮುಚ್ಚುತ್ತದೆ. ಮೂಲೆಮೂಲೆಯಾಗಿ ಒಡೆದ ಗಟ್ಟಿ ಕಲ್ಲು ಮಾತ್ರ ಒಂದಕ್ಕೊಂದು ಕಚ್ಚಿ ನಿಲ್ಲುತ್ತದೆ.

ಮಾದರಿಗೆ ಬೇಕಾದ ದಪ್ಪವನ್ನು ಲೆಕ್ಕದಿಂದಲೇ ತಿಳಿಯಬಹುದು. ಪೇಟೆಯಲ್ಲಿ ಹೆಚ್ಚಾಗಿ ಸಿಗುವ ಎಚ್‌ಓ ಮಾದರಿಯ ಪ್ರಮಾಣ 1:87. ನಿಜವಾದ ಹಳಿಯ ಕೆಳಗೆ ಜಲ್ಲಿ 300 ಮಿ.ಮೀ. ಇದ್ದರೆ ಮಾದರಿಯಲ್ಲಿ ಸುಮಾರು ಮೂರೂವರೆ ಮಿ.ಮೀ. ಸಾಕು. 50 ಮಿ.ಮೀ. ಜಲ್ಲಿಕಲ್ಲು ಇಲ್ಲಿ ಅರ್ಧ ಮಿ.ಮೀ.ಗಿಂತ ಸ್ವಲ್ಪ ದೊಡ್ಡದು, ಅಂದರೆ ಮರಳಿನ ಕಾಳು. ಟೀ ಸೋಸುವ ಜಾಲರಿಯಲ್ಲಿ ಜಾಲಿಸಿದ ಒಣ ಮರಳೇ ಜಲ್ಲಿಯಾಗುತ್ತದೆ. ಅದರಲ್ಲಿ ಮೊದಲು ಅಯಸ್ಕಾಂತ ಆಡಿಸಬೇಕು. ಇಲ್ಲವಾದರೆ ಕಬ್ಬಿಣದ ಕಣಗಳು ಎಂಜಿನ್ನಿನ ಮೋಟಾರಿಗೆ ಅಂಟಿಕೊಳ್ಳುತ್ತವೆ.

ಮರಳಿನ ಕೆಳಗೆ ಮೆತ್ತನೆಯ ಪಟ್ಟಿ ಬೇಕು. ಬರಿಯ ಪ್ಲೈವುಡ್ಡಿನ ಮೇಲೆ ಹಳಿ ಬಡಿದರೆ ಹಲಗೆ ತಮಟೆಯಂತೆ ಸದ್ದು ಮಾಡುತ್ತದೆ. ಕಾರ್ಕ್ ಹಾಳೆ ಇದಕ್ಕೆ ಒಳ್ಳೆಯದು. ಅದನ್ನು ಉದ್ದಕ್ಕೆ ಎರಡಾಗಿ ಸೀಳಿ, ಹಲಗೆಯ ಮೇಲೆ ಎಳೆದ ನಡುಗೆರೆಯ ಎರಡೂ ಬದಿಗೆ ಅಂಟಿಸಿದರೆ ತಿರುವಿನಲ್ಲೂ ಸಲೀಸಾಗಿ ಬಾಗುತ್ತದೆ. ಕಾರ್ಕ್ ಸಿಗದ ಊರಿನಲ್ಲಿ ಸ್ಟೇಷನರಿ ಅಂಗಡಿಯ ಫೋಮ್ ಶೀಟ್ ಆಗುತ್ತದೆ, ಬೆಲೆಯೂ ಕಡಿಮೆ. ಸೈಕಲ್ ಟ್ಯೂಬಿನ ರಬ್ಬರು ಹಳಿಯನ್ನು ಕುಣಿಸುತ್ತದೆ. ಅಡಿಕೆ ಹಾಳೆ ಒಣಗಿದಾಗ ಸುರುಟುತ್ತದೆ, ತೇವದಲ್ಲಿ ಬೂಷ್ಟು ಹಿಡಿಯುತ್ತದೆ. ಥರ್ಮೋಕೋಲ್ ಹಗುರ, ಆದರೆ ಚಪ್ಪಲಿಗೆ ಹಚ್ಚುವ ರಬ್ಬರ್ ಅಂಟು ಅದನ್ನು ಕರಗಿಸಿಬಿಡುತ್ತದೆ. ಅದಕ್ಕೆ ಫೆವಿಕಾಲ್ ಬಳಸುವುದು ಕ್ಷೇಮ.

ಇನ್ನೊಂದು ಸೂಕ್ಷ್ಮವಿದೆ. ಫೆವಿಕಾಲನ್ನು ನೀರಿಗೆ ಬೆರೆಸಿ ಮರಳಿನ ಮೇಲೆ ಧಾರಾಳವಾಗಿ ಸುರಿದರೆ ಅದು ಒಣಗಿ ಕಲ್ಲಿನಂತಾಗುತ್ತದೆ. ಪಟ್ಟಿ ತಡೆದ ಸದ್ದು ಈ ಗಟ್ಟಿ ಪದರದ ಮೂಲಕ ಮತ್ತೆ ಹಲಗೆಗೆ ಇಳಿಯುತ್ತದೆ. ಅಂಟು ಮಿತವಾಗಿರಬೇಕು.

ಮಲೆನಾಡಿನಲ್ಲಿ ಕೊನೆಯ ತೀರ್ಪು ಮಳೆಗಾಲದ್ದು. ಆದ್ದರಿಂದ ಎಲ್ಲವನ್ನೂ ಕೊಳ್ಳುವ ಮೊದಲು ಅಂಗೈಯಗಲದ ಕಾರ್ಕ್, ಫೋಮ್, ರಟ್ಟುಗಳನ್ನು ಹಲಗೆಗೆ ಅಂಟಿಸಿ, ದಪ್ಪ ಅಳೆದು ಬರೆದಿಡಬೇಕು. ಮೂರು ರಾತ್ರಿ ಒದ್ದೆ ಬಟ್ಟೆ ಹೊದಿಸಿ ಮತ್ತೆ ಅಳೆಯಬೇಕು. ರಟ್ಟು ಉಬ್ಬಿದ್ದು ಕಣ್ಣಿಗೇ ಕಾಣುತ್ತದೆ. ಬಳಿಕ ಒಂದೊಂದರ ಮೇಲೂ ಹಳಿಯ ತುಂಡಿಟ್ಟು ಬೋಗಿ ತಳ್ಳಿ ಸದ್ದು ಕೇಳಬೇಕು. ಆರಿಸಿದ ಹಾಳೆಯನ್ನೇ ಉದ್ದಕ್ಕೂ ಬಳಸಬೇಕು. ನಡುವೆ ದಪ್ಪ ಬದಲಾದರೆ ಅಲ್ಲೇ ಗಾಡಿ ಎಡವುತ್ತದೆ.

ತಂದೆತಾಯಂದಿರು ದುಬಾರಿ ಪೆಟ್ಟಿಗೆಯೊಂದನ್ನು ತಂದುಕೊಟ್ಟು ಸುಮ್ಮನಾಗುವುದಕ್ಕಿಂತ ಈ ಮೂರು ರಾತ್ರಿಯ ಪರೀಕ್ಷೆಗೆ ಜೊತೆಗೂಡುವುದು ಮೇಲು. ಕೇಳಿದ್ದನ್ನು ನಂಬದೆ ಅಳೆದು ನೋಡಿ ಆರಿಸುವುದನ್ನು ಮಗು ಕಲಿಯುತ್ತದೆ. ಬಹುಮಾನ ಬರಲಿ ಬಿಡಲಿ, ಆ ಕಲಿಕೆ ಉಳಿಯುತ್ತದೆ.