ಮೊಣಕಾಲಿನ ಲೆಕ್ಕ

ತೂಕ ಹೆಚ್ಚಿದರೆ ಬಂಡಿಯ ಅಚ್ಚಿನಂತೆ ಕೀಲೂ ಸವೆಯುವುದೆಂದು ನಾವು ಭೌತಶಾಸ್ತ್ರದ ತರಗತಿಯಲ್ಲಿ ಹೇಳುತ್ತ ಬಂದಿದ್ದೇವೆ. ಅದು ಅರ್ಧಸತ್ಯ. ಹೊರೆಯ ಲೆಕ್ಕವೇನೋ ಸುಳ್ಳಲ್ಲ. ಸ್ನಾಯುಗಳ ಸೆಳೆತವೂ ಕೂಡುವುದರಿಂದ, ದೇಹದ ತೂಕ 1 ಕಿಲೋಗ್ರಾಂ ಇಳಿದರೆ ಹೆಜ್ಜೆಹೆಜ್ಜೆಗೂ ಮೊಣಕಾಲಿನ ಹೊರೆ ಸುಮಾರು 4 ಕಿಲೋಗ್ರಾಂನಷ್ಟು ಇಳಿಯುವುದೆಂದು 2005ರಲ್ಲಿ ಅಮೆರಿಕದ ಸಂಶೋಧಕರು ತೋರಿಸಿದರು. ಆದರೆ ಬೆರಳಿನ ಗೆಣ್ಣುಗಳ ಮಾತೇನು? ಕೈಯೂರಿ ನಡೆಯುವವರು ನಮ್ಮಲ್ಲಿ ಯಾರೂ ಇಲ್ಲವಷ್ಟೆ! ಆದರೂ ಸ್ಥೂಲಕಾಯರಲ್ಲಿ ಬೆರಳುಗಳ ಸಂಧಿವಾತವೂ ಹೆಚ್ಚು. ಮೇದಸ್ಸು ಸುಮ್ಮನೆ ಹೊತ್ತ ಮೂಟೆಯಲ್ಲ. ಉರಿಯೂತವನ್ನು ಕೆರಳಿಸುವ ರಾಸಾಯನಿಕಗಳನ್ನು ಅದು ರಕ್ತಕ್ಕೆ ಬಿಡುತ್ತಿರುತ್ತದೆ.

ಮೊಣಕಾಲು ಹಿಡಿದು ಕುಳಿತ ಹಿರಿಯರಿಗೆ 'ವಯಸ್ಸಾಯಿತು, ಸಹಿಸಿಕೊಳ್ಳಿ' ಎಂದು ಸುಮ್ಮನಾಗುವುದನ್ನು ನಾವು ಒಪ್ಪಲಾರೆವು. ಫ್ರೇಮಿಂಗ್‌ಹ್ಯಾಮ್ ಪಟ್ಟಣದ ಅಧ್ಯಯನದಲ್ಲಿ, 10 ವರ್ಷಗಳಲ್ಲಿ 5 ಕಿಲೋಗ್ರಾಂನಷ್ಟು ಇಳಿದ ಸ್ತ್ರೀಯರಿಗೆ ಈ ಬೇನೆ ತಗಲುವ ಸಂಭವ ಅರ್ಧಕ್ಕಿಂತಲೂ ಕಡಮೆಯಾಗಿದ್ದುದು 1992ರಲ್ಲೇ ಪ್ರಕಟವಾಗಿದೆ.