ಏಳನೆಯ ನರಕದ ಹುಳು

ಬಾದಾಮಿಯ ಮೂರನೆಯ ಗುಹೆ. ಕಂಬದ ಮರೆಯಲ್ಲಿ ಒಬ್ಬ ಹುಡುಗ ಬೈಕಿನ ಕೀಲಿಯಿಂದ ಹೃದಯ ಕೆತ್ತುತ್ತಿದ್ದ. ಗೆಳೆಯ ಮೊಬೈಲ್ ಟಾರ್ಚ್ ಹಿಡಿದಿದ್ದ. ಹೃದಯ ಮುಗಿದು ಬಾಣ ಶುರುವಾಗಿತ್ತು. ಕೀಲಿ ಎಳೆದಂತೆಲ್ಲ ಕೆಂಪು ಪುಡಿ ಅವನ ಬೂಟಿನ ಮೇಲೆ ಉದುರುತ್ತಿತ್ತು.

"ಏನ್ ಮಾಡಾಕತ್ತೀಯೋ ತಮ್ಮಾ?" ಅಂದೆ.

"ಎಲ್ಲಾರೂ ಬರದಾರಲ್ರೀ ಸರ್, ನಾ ಒಬ್ಬಾವ ಏನ್ರೀ?"

ಸುಳ್ಳಲ್ಲ. ಅವನ ಕೈಗಿಂತ ಮೇಲೆ, ಕೆಳಗೆ, ಪಕ್ಕದಲ್ಲಿ, ಎಲ್ಲೆಲ್ಲೂ ಹೆಸರು, ಇಸವಿ, ಬಾಣ. ಮೈಯೆಲ್ಲ ಉರಿದುಹೋಯಿತು. ಆ ಹುಡುಗನ ಮೇಲಿನ ಸಿಟ್ಟಿಗಿಂತ, ಅವನಿಗೆ ಕೊಡಲು ನನ್ನ ಬಳಿ ಉತ್ತರವಿಲ್ಲದ್ದಕ್ಕೆ.

ಇದು ಕಟ್ಟಿದ ಗುಡಿಯಲ್ಲ. ಕಟ್ಟಿದ್ದರಲ್ಲಿ ಒಂದು ಕಲ್ಲು ಕೆಟ್ಟರೆ ಇನ್ನೊಂದನ್ನು ಕೂರಿಸಬಹುದು. ಇಲ್ಲಿ ಕಂಬವೂ ಗುಡ್ಡವೇ, ಛಾವಣಿಯೂ ಗುಡ್ಡವೇ, ಶೇಷನ ಸುರುಳಿಯ ಮೇಲೆ ಕೂತ ವಿಷ್ಣುವೂ ಗುಡ್ಡವೇ. ಉಳಿ ತಪ್ಪಿದರೆ ತಿದ್ದುವಂತಿಲ್ಲ ಎಂಬ ಭಯದಲ್ಲೇ ಹೊರಗಿನಿಂದ ಒಳಕ್ಕೆ ಕೊರೆಯುತ್ತ ಹೋದವರು ಆ ಶಿಲ್ಪಿಗಳು. ಮರಳುಗಲ್ಲು ಬೇರೆ. ಗೀರಿದ ಜಾಗವನ್ನು ಉಜ್ಜಿ ಅಳಿಸಲು ಹೋದರೆ ಸುತ್ತಲಿನ ಕಲ್ಲೂ ಸವೆಯುತ್ತದೆ. ಕ್ರಿ.ಶ. 578ರ ಕಾರ್ತಿಕ ಹುಣ್ಣಿಮೆಯಂದು, ಅಣ್ಣ ಕೀರ್ತಿವರ್ಮ ಆಳುತ್ತಿದ್ದಾಗ, ಚಾಲುಕ್ಯರ ಮಂಗಲೇಶ ಇಲ್ಲಿ ವಿಷ್ಣುವನ್ನು ಪ್ರತಿಷ್ಠಾಪಿಸಿದ. ಇಂದು ಗರ್ಭಗುಡಿ ಖಾಲಿ. ಒಂದು ಕಾಲಕ್ಕೆ ಬಣ್ಣದ ಚಿತ್ರಗಳಿದ್ದ ಕಡೆ ಈಗ ಹುಡುಕಿ ನೋಡಬೇಕಾದ ಕಲೆಗಳಷ್ಟೇ. ಉಳಿದದ್ದು ಕಲ್ಲು. ಅದಕ್ಕೂ ಕೀಲಿ ಬಿದ್ದಿದೆ.

ಹೆಸರು ಬರೆಯುವ ಆಸೆ ಹೊಸದೇನಲ್ಲ ಅನ್ನಿ. ಕೆತ್ತಿದ ಶಿಲ್ಪಿಗಳೂ ಇಲ್ಲಿ ತಮ್ಮ ಹೆಸರು ಬಿಟ್ಟುಹೋಗಿದ್ದಾರೆ. ಗುಡ್ಡವನ್ನೇ ದೇವರಾಗಿಸಿದ ಮೇಲೆ ಒಂದು ಹೆಸರಿನಷ್ಟು ಜಾಗ ಅವರಿಗೆ ಸಲ್ಲಬೇಕಾದದ್ದೇ. 642ರಲ್ಲಿ ಈ ಊರನ್ನು ಗೆದ್ದು 'ವಾತಾಪಿಕೊಂಡ' ಎನಿಸಿಕೊಂಡ ಪಲ್ಲವ ನರಸಿಂಹವರ್ಮ ಕೂಡ ತನ್ನ ಶಾಸನವನ್ನು ಊರಿನ ಬಂಡೆಯೊಂದರ ಮೇಲೆ ಕೆತ್ತಿಸಿದ. ವಿಷ್ಣುವಿನ ಎದೆಯ ಮೇಲಲ್ಲ. ಶತ್ರುವಿಗಿದ್ದ ಆ ಮರ್ಯಾದೆ ಟಿಕೆಟ್ ಕೊಂಡು ಬಂದ ನಮಗಿಲ್ಲ!

ಕೆಳಗೆ ಅಗಸ್ತ್ಯ ತೀರ್ಥ. ಆಡಾಗಿ ಅಡುಗೆಯಾಗಿ, ಉಂಡವರ ಹೊಟ್ಟೆ ಸೀಳಿ ಹೊರಬರುತ್ತಿದ್ದ ವಾತಾಪಿಯನ್ನು ಅಗಸ್ತ್ಯ ಅರಗಿಸಿಕೊಂಡ ಕಥೆ ಯಾರಿಗೆ ಗೊತ್ತಿಲ್ಲ? ಅಣ್ಣ ಇಲ್ವಲ ಹೊರಗೆ ನಿಂತು ಕೂಗಿದ್ದೇ ಬಂತು. ನಮ್ಮ ಮನೆಗಳಲ್ಲಿ ಈಗಲೂ ಮಗುವಿಗೆ ಉಣಿಸಿ ಹೊಟ್ಟೆ ಸವರಿ 'ವಾತಾಪಿ ಜೀರ್ಣೋಭವ' ಅನ್ನುತ್ತೇವೆ. ಅದೇ ಮಗುವನ್ನು ಇಲ್ಲಿಗೆ ಕರೆತಂದು, ಕುರುಕುಲು ತಿನ್ನಿಸಿ, ಖಾಲಿ ಪೊಟ್ಟಣವನ್ನು ಆ ಋಷಿಯ ಕೆರೆಗೇ ಎಸೆಯುತ್ತೇವೆ. ರಾಕ್ಷಸನನ್ನು ಅರಗಿಸಿಕೊಂಡ ಹೊಟ್ಟೆಗೂ ಪ್ಲಾಸ್ಟಿಕ್ ಅರಗದು.

ಕಾನೂನಿದೆ. ಸ್ಮಾರಕ ಹಾಳುಗೆಡವಿದರೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ. 2010ರ ತಿದ್ದುಪಡಿಯಲ್ಲೇ ಬಂತು. ಆ ಹೊತ್ತಿಗೆ ಕಾವಲುಗಾರ ಮೊದಲನೆಯ ಗುಹೆಯಲ್ಲಿ ಸೀಟಿ ಊದುತ್ತಿದ್ದ. ಹದಿನೆಂಟು ಕೈಯ ನಟರಾಜನ ಕಾಲ ಬಳಿ ಹತ್ತಿ ಸೆಲ್ಫಿ ತೆಗೆಯುತ್ತಿದ್ದವರನ್ನು ಇಳಿಸುವುದಕ್ಕೆ. ಅವನಿಗಿರುವುದು ಎರಡೇ ಕೈ. ಶಾಲೆಯ ಮಕ್ಕಳ ದಂಡೊಂದು ಮೆಟ್ಟಿಲು ಹತ್ತಿ ಬಂತು. ಮೇಷ್ಟ್ರು "ಬೇಗ ನೋಡ್ರಿ, ಪಟ್ಟದಕಲ್ಲಿಗೆ ಹೊತ್ತಾಗತ್ತ" ಎಂದು ಅವಸರಿಸಿದರು. ಬೇಗ ನೋಡಬೇಕಂತೆ. ಒಂದೊಂದು ಬೋದಿಗೆ ಬಿಡಿಸಲು ಎಷ್ಟು ಹಗಲು ಹಿಡಿದಿತ್ತೋ!

ಇದೇ ಗುಹೆಯಲ್ಲಿ ಮಂಗಲೇಶನ ಕನ್ನಡ ಶಾಸನವೂ ಇದೆ. ಗುಹೆಯನ್ನು ಅದು 'ಕಲ್ಮನೆ' ಎಂದು ಕರೆಯುತ್ತದೆ. ಕಲ್ಲಿನ ಮನೆ, ಎಂಥ ಅಚ್ಚಗನ್ನಡ! ಲಂಜಿಗೇಸರ ಎಂಬ ಊರನ್ನು ಈ ದೇವರಿಗೆ ಬಿಟ್ಟದ್ದನ್ನು ಹೇಳಿ, ಇದನ್ನು ಅಳಿಪಿದವನು ಪಂಚಮಹಾಪಾತಕಿ, ಏಳನೆಯ ನರಕದ ಹುಳುವಾಗುತ್ತಾನೆ ಎಂದು ಶಪಿಸುತ್ತದೆ. ಶಾಪ ದಾನಕ್ಕೆ ಕೈಹಾಕಿದವನಿಗೆ ಎಂದು ಪಂಡಿತರು ತಿದ್ದಬಹುದು. ತಿದ್ದಲಿ. ನಾನಂತೂ ಕೀಲಿಗೂ ಸೇರಿಸಿಯೇ ಓದುತ್ತೇನೆ.

ಹುಡುಗನನ್ನು ಕರೆದು ಇಷ್ಟನ್ನೂ ಹೇಳಿದೆ. ಕೇಳಿಸಿಕೊಂಡ. "ಹೌದೇನ್ರೀ? ಕನ್ನಡನಾ ಇದು?" ಎಂದು ಗೆಳೆಯನ ಟಾರ್ಚ್ ಇಸಿದುಕೊಂಡು ಹಳೆಯ ಲಿಪಿಯ ಮೇಲೆ ಬೆಳಕು ಬಿಟ್ಟ. ಒಂದಕ್ಷರವೂ ತಿಳಿಯಲಿಲ್ಲ. ಕೀಲಿಯನ್ನು ಪ್ಯಾಂಟಿಗೆ ಒರೆಸಿ ಜೇಬಿಗಿಟ್ಟ. ಬಾಣಕ್ಕೆ ತುದಿ ಬರಲಿಲ್ಲ. ಹೃದಯ ಮಾತ್ರ ಅಲ್ಲೇ ಇದೆ.