ಮುಂಗಾಲಿನ ಬಿಸಿ

ಕುದುರೆಯ ಬಾಲಕ್ಕೆ ದುಡ್ಡು ಕಟ್ಟಿ ಮನೆ ಮಠ ಕಳೆದುಕೊಂಡವರ ಕತೆ ನಮ್ಮ ಕಡೆ ಬೀದಿಗೊಂದರಂತೆ ಉಂಟು. ನಮ್ಮ ಬಂಧುವರ್ಗದಲ್ಲಿಯೂ ಅಂಥ ಮಹನೀಯರೊಬ್ಬರು ಆಗಿಹೋಗಿದ್ದಾರೆ. ಅವರ ಹೆಸರನ್ನು ಮದುವೆಮನೆಗಳಲ್ಲಿ ಇಂದಿಗೂ ದನಿ ತಗ್ಗಿಸಿಯೇ ಹೇಳುತ್ತಾರೆ. ಹೀಗಿರುವಾಗ, ನಾನು ಮೈಸೂರಿಗೆ ಹೋಗಿ ಕುದುರೆಪಂದ್ಯದ ಬಯಲಿನಲ್ಲಿ ಒಂದು ಬೆಳಗನ್ನು ಕಳೆದು ಬಂದೆನೆಂದು ತಿಳಿದ ನನ್ನ ಮನೆಯಾಕೆ ಎರಡು ದಿನ ಮಾತನ್ನು ಎಣಿಸಿ ಆಡಿದುದರಲ್ಲಿ ಆಶ್ಚರ್ಯವೇನೂ ಇಲ್ಲ. ವಾಚಕರಾದರೂ ಅಷ್ಟು ಅವಸರದಲ್ಲಿ ತೀರ್ಪು ಕೊಡಬಾರದೆಂದು ಬೇಡಿಕೊಳ್ಳುತ್ತೇನೆ. ನಾನು ಹೋದದ್ದು ಪಂದ್ಯವಿಲ್ಲದ ಒಂದು ಗುರುವಾರ. ಹೊತ್ತು ಬೆಳಗಿನ ಜಾವ ನಾಲ್ಕು ಗಂಟೆ. ಜೂಜುಗಾರನಾದವನು ಆ ಹೊತ್ತಿಗೆ ಏಳುವುದಿಲ್ಲ.

ಅಲ್ಲಿ ನನಗೊಬ್ಬ ಗೆಳೆಯನಿದ್ದಾನೆ. ಕಾಲೇಜಿನಲ್ಲಿ ನನ್ನ ಪಕ್ಕದ ಬೆಂಚಿನವನು. ನಾವೆಲ್ಲ ಪದವಿ ಪಡೆದು ಬ್ಯಾಂಕು, ಕಚೇರಿ, ಶಾಲೆಗಳ ದಾರಿ ಹಿಡಿದಾಗ ಈತ ತರಬೇತುದಾರರೊಬ್ಬರ ಕೈಕೆಳಗೆ ಸೇರಿ ಲಾಯದ ಲದ್ದಿ ತೆಗೆಸುವ ಕೆಲಸಕ್ಕೆ ನಿಂತ. ಹತ್ತು ವರ್ಷ ಸಹಾಯಕನಾಗಿ ದುಡಿದು, ಲೈಸೆನ್ಸು ಪಡೆದು, ಈಗ ಚಾಮುಂಡಿ ಬೆಟ್ಟದ ಅಡಿಯಲ್ಲಿ 26 ಕುದುರೆಗಳ ಲಾಯವೊಂದಕ್ಕೆ ಯಜಮಾನನಾಗಿದ್ದಾನೆ. ಯಜಮಾನನೆಂಬ ಮಾತು ಅಷ್ಟು ಸರಿಯಲ್ಲ. ಕುದುರೆಗಳು ಮಾಲೀಕರವು, ಓಟದ ಬಯಲು 1891ರಲ್ಲಿ, ಚಾಮರಾಜೇಂದ್ರ ಒಡೆಯರ ಕಾಲದಲ್ಲಿ ಹುಟ್ಟಿದ ರೇಸ್ ಕ್ಲಬ್ಬಿನದು. ಈತನದೆಂದು ಹೇಳಿಕೊಳ್ಳಲು ಇರುವುದು ಒಂದು ಸ್ಟಾಪ್‌ವಾಚು, ಒಂದು ದುರ್ಬೀನು, ಮತ್ತು ಮೇವಿನ ಅಂಗಡಿಯವನ ಬಾಕಿ.

ಲಾಯದಲ್ಲಿ ದಿನ ಹುಟ್ಟುವುದು ಮೂರೂವರೆಗೆ. ಕುದುರೆಯ ಆರೈಕೆಗೆ ನಿಂತವನನ್ನು ಸೈಸ್ ಎನ್ನುತ್ತಾರೆ. ಎರಡು ಮೂರು ಕುದುರೆಗಳಿಗೆ ಒಬ್ಬನಂತೆ. ಎದ್ದೊಡನೆ ಸೈಸ್ ಮೊದಲು ಇಣುಕುವುದು ಮೇವಿನ ತೊಟ್ಟಿಯೊಳಗೆ. ರಾತ್ರಿ ಹಾಕಿದ ಓಟ್ಸ್ ಮುಗಿದಿದೆಯೇ, ಉಳಿದಿದೆಯೇ? ಬಳಿಕ ಲದ್ದಿಯನ್ನು ನೋಡುತ್ತಾನೆ. ಬಳಿಕ ಜ್ವರದ ಕಡ್ಡಿ. ನಮಗೆ ಜ್ವರವೆನ್ನಿಸುವ 100 ಡಿಗ್ರಿ ಕುದುರೆಗೆ ಸಹಜವಾದ ಶಾಖ. ಇಷ್ಟೊಂದು ಜಾಗರೂಕತೆ ಏಕೆಂದು ಕೇಳಿದೆ. ಅರ್ಧ ಟನ್ನಿಗೆ ಹತ್ತಿರ ತೂಗುವ ಆ ಪ್ರಾಣಿಯ ಜಠರ ಅದರ ಮೈಗೆ ಹೋಲಿಸಿದರೆ ಬಲು ಚಿಕ್ಕದಂತೆ; ಅದರ ಮೇಲೆ, ಕುದುರೆಗೆ ವಾಂತಿ ಮಾಡಲು ಬಾರದು. ಒಳಗೆ ಹೋದದ್ದು ಕೆಟ್ಟರೆ ಹಿಂದಿರುಗುವ ದಾರಿ ಇಲ್ಲ. ಹೊಟ್ಟೆನೋವು ಬಂದ ಕುದುರೆ ತನ್ನ ಪಕ್ಕೆಯನ್ನು ತಿರುತಿರುಗಿ ನೋಡಿಕೊಳ್ಳುತ್ತದೆ, ನೆಲದ ಮೇಲೆ ಹೊರಳಾಡುತ್ತದೆ. ಕರುಳು ತಿರುಚಿಕೊಂಡಿತೆಂದರೆ ಒಂದೇ ರಾತ್ರಿಯಲ್ಲಿ ಮುಗಿದುಹೋಗುತ್ತದೆ. ಆದ್ದರಿಂದಲೇ ಮೇವನ್ನು ಒಮ್ಮೆಗೇ ಸುರಿಯದೆ ದಿನಕ್ಕೆ ಹಲವು ಬಾರಿ ಸ್ವಲ್ಪ ಸ್ವಲ್ಪವಾಗಿ ಕೊಡುವುದು. ಓಟ್ಸ್, ಬೂಸಾ, ಒಣಹುಲ್ಲು, ಹಸಿಯಾದ ಕುದುರೆಮಸಾಲೆ ಸೊಪ್ಪು, ಎಲ್ಲ ಸೇರಿ ದಿನಕ್ಕೆ ಹತ್ತು ಕಿಲೋಗ್ರಾಮಿಗೆ ಮಿಕ್ಕಿ ಬೇಕು. ಗೆದ್ದ ಕುದುರೆಯೂ ಅಷ್ಟೇ ತಿನ್ನುತ್ತದೆ, ಗೆಲ್ಲದ್ದೂ ಅಷ್ಟೇ ತಿನ್ನುತ್ತದೆ. ನಮ್ಮ ಹಳ್ಳಿಯ ಜಟಕಾ ಕುದುರೆಗಳು ಹುರುಳಿಯಲ್ಲಿಯೇ ಕಾಲ ಕಳೆದುವಲ್ಲ ಎಂದೆ. ‘ಅವುಗಳಿಂದ ಫರ್ಲಾಂಗಿಗೆ ಹನ್ನೆರಡು ಸೆಕೆಂಡು ಯಾರೂ ಕೇಳಲಿಲ್ಲವಯ್ಯ’ ಎಂದ ಗೆಳೆಯ.

ಬೆಳಕು ಹರಿಯುವ ಮೊದಲೇ ಕುದುರೆಗಳು ಸಾಲುಗಟ್ಟಿ ಬಯಲಿಗೆ ಹೊರಟುವು. ಬೆಟ್ಟದ ಮೇಲಿನ ದೀಪಗಳು ಇನ್ನೂ ಆರಿರಲಿಲ್ಲ. ಮಂಜಿನೊಳಗಿಂದ ಮೊದಲು ಗೊರಸಿನ ಸದ್ದು, ಆಮೇಲೆ ಉಸಿರಿನ ಸದ್ದು, ಕಡೆಗೆ ಕುದುರೆ. ನಾಗಾಲೋಟದಲ್ಲಿ ಕುದುರೆಗೆ ಒಂದು ನೆಗೆತಕ್ಕೆ ಒಂದೇ ಉಸಿರು. ತನಗೆ ಬೇಕಾದಾಗ ಉಸಿರಾಡುವ ಸ್ವಾತಂತ್ರ್ಯವೇ ಅದಕ್ಕಿಲ್ಲ. ನಿಂತಾಗ ನಿಮಿಷಕ್ಕೆ ಮೂವತ್ತು ನಲವತ್ತು ಬಾರಿ ಮಿಡಿಯುವ ಎದೆ ಆಗ ಇನ್ನೂರನ್ನು ದಾಟುತ್ತದೆ. ಗೆಳೆಯ ಬೇಲಿಗೆ ಒರಗಿ ಸ್ಟಾಪ್‌ವಾಚನ್ನು ಒತ್ತುತ್ತ, ಸವಾರಿಯ ಹುಡುಗರನ್ನು ಕೂಗಿ ಗದರುತ್ತ ನಿಂತಿದ್ದ. ಎಲ್ಲ ದಿನವೂ ಎಲ್ಲ ಕುದುರೆಯನ್ನೂ ಓಡಿಸುವುದಿಲ್ಲವಂತೆ. ಹೆಚ್ಚಿನ ದಿನ ನಡಿಗೆ, ಕುಕ್ಕುಲೋಟ, ಮಿತವಾದ ಓಟ. ವಾರಕ್ಕೊಮ್ಮೆಯೋ ಎರಡು ಬಾರಿಯೋ ಮಾತ್ರ ವೇಗದ ಪರೀಕ್ಷೆ. ನಾವು ಪತ್ರಿಕೆಯಲ್ಲಿ ಓದುವ ಒಂದೂವರೆ ನಿಮಿಷದ ಪಂದ್ಯದ ಹಿಂದೆ ಇಂಥ ನೂರು ಬೆಳಗುಗಳಿರುತ್ತವೆ.

ಏಳೂವರೆಯ ಹೊತ್ತಿಗೆ ಹಿಂದಿರುಗಿದೆವು. ಬಂದ ಕುದುರೆಯನ್ನು ಕೂಡಲೇ ಕಟ್ಟುವಂತಿಲ್ಲ; ಬೆವರು ಆರುವವರೆಗೆ ನಡೆಸಬೇಕು, ಮೈತೊಳೆಯಬೇಕು, ಗೊರಸಿನೊಳಗೆ ಸಿಕ್ಕ ಕಲ್ಲುಮಣ್ಣು ಕೆದಕಿ ತೆಗೆಯಬೇಕು. ಒಂದು ಮೂಲೆಯಲ್ಲಿ ಲಾಳ ಕಟ್ಟುವವನು ಅಲ್ಯೂಮಿನಿಯಂ ಲಾಳಗಳನ್ನು ಹರಡಿಕೊಂಡು ಕುಳಿತಿದ್ದ. ಅಂಗೈಯಲ್ಲಿ ಇಟ್ಟುಕೊಂಡು ನೋಡಿದೆ. ಊಟದ ಚಮಚದಷ್ಟು ಹಗುರ. ಮೂರು ನಾಲ್ಕು ವಾರಕ್ಕೊಮ್ಮೆ ಇವನ್ನು ಬದಲಿಸುತ್ತಾರಂತೆ.

ನಾವು ಕಾಫಿಗೆ ಕುಳಿತಿದ್ದಾಗ ಹಿರಿಯ ಸೈಸ್ ಬಂದು ಬಾಗಿಲಲ್ಲಿ ನಿಂತ. ಅರುವತ್ತು ದಾಟಿದ ಮನುಷ್ಯ. ಲಾಯದವರೆಲ್ಲ ಅವನನ್ನು ಚಾಚಾ ಎನ್ನುತ್ತಾರೆ, ನನ್ನ ಗೆಳೆಯನೂ.

‘ಸಾಬ್, ಕೆಂಪಿಯ ಕಾಲನ್ನು ಒಂದು ಸಲ ನೋಡಬೇಕು.’

ಕೆಂಪಿಗೆ ಪುಸ್ತಕದಲ್ಲಿ ಉದ್ದನೆಯ ಇಂಗ್ಲಿಷ್ ಹೆಸರೊಂದಿದೆ. ಲಾಯದಲ್ಲಿ ಅದನ್ನು ಯಾರೂ ಬಳಸಿದ್ದು ನಾನು ಕೇಳಲಿಲ್ಲ. ನಾಲ್ಕು ವರ್ಷದ ಹೆಣ್ಣುಕುದುರೆ, ಹೊಸ ತಾಮ್ರದ ಚೆಂಬಿನ ಬಣ್ಣ. ಬರುವ ಭಾನುವಾರದ ಓಟಕ್ಕೆ ಹೆಸರು ಖಚಿತವಾಗಿತ್ತು. ಗೆಲ್ಲುವುದೆಂದು ಲಾಯಕ್ಕೆಲ್ಲ ನಂಬಿಕೆ. ಗೆಳೆಯ ಲೋಟವನ್ನು ಕೆಳಗಿಟ್ಟು ಎದ್ದ. ಕುದುರೆಯ ಮುಂದೆ ಕುಕ್ಕುರುಗಾಲಿನಲ್ಲಿ ಕುಳಿತು, ಮೊದಲು ಬಲ ಮುಂಗಾಲನ್ನು ಮೊಣಕಾಲಿನಿಂದ ಗೊರಸಿನವರೆಗೆ ಮೆಲ್ಲಗೆ ಸವರಿದ. ಕಣ್ಣು ಮುಚ್ಚಿಕೊಂಡಿದ್ದ. ಆಮೇಲೆ ಎಡಗಾಲು. ಮತ್ತೆ ಬಲ, ಮತ್ತೆ ಎಡ. ‘ಮೊದಲು ಚೆನ್ನಾಗಿರುವ ಕಾಲನ್ನು ಕೇಳಬೇಕು. ಆ ಬೆಳಗಿನ ಮೈಶಾಖ ಎಷ್ಟೆಂದು ಅದು ಹೇಳುತ್ತದೆ. ಆಮೇಲೆ ಇನ್ನೊಂದು’ ಎಂದ. ನನಗೂ ಮುಟ್ಟಿ ನೋಡುವಂತೆ ಹೇಳಿದ. ಮುಟ್ಟಿದೆ. ಎರಡೂ ಕುದುರೆಯ ಕಾಲುಗಳೇ ಎಂಬುದರ ಹೊರತು ನನಗೆ ಬೇರೇನೂ ತಿಳಿಯಲಿಲ್ಲ.

ಕುದುರೆಯ ಕಾಲನ್ನು ಕುರಿತು ಇಲ್ಲಿ ಎರಡು ಮಾತು ಹೇಳಲೇಬೇಕು. ಮೊಣಕಾಲಿನ ಕೆಳಗೆ ಅದಕ್ಕೆ ಮಾಂಸಖಂಡವೇ ಇಲ್ಲ. ಮೂಳೆ, ಚರ್ಮ, ನಡುವೆ ಹಗ್ಗದಂತೆ ಬಿಗಿದ ಸ್ನಾಯುರಜ್ಜುಗಳು, ಅಷ್ಟೆ. ನಾಗಾಲೋಟದಲ್ಲಿ ಒಂದು ಗಳಿಗೆ ಇಡೀ ಮೈ ಒಂದೇ ಮುಂಗಾಲಿನ ಮೇಲೆ ನಿಲ್ಲುತ್ತದೆ. ಆಗ ಆ ಕಾಲು ಹೊರುವುದು ಮೈಭಾರದ ಎರಡು ಪಟ್ಟಿಗೂ ಮಿಕ್ಕಿದ ಹೊರೆ. ರಜ್ಜುವಿನ ಒಂದೆರಡು ಎಳೆ ಹರಿದರೆ ಹೊರಗೆ ಕಾಣುವುದು ಹೆಚ್ಚೆಂದರೆ ಒಂದಿಷ್ಟು ಊತ, ಒಂದಿಷ್ಟು ಬಿಸಿ. ಕುದುರೆ ಕುಂಟುವುದೂ ಇಲ್ಲ. ಅದನ್ನು ಹಾಗೆಯೇ ಓಡಿಸಿದರೆ ಹಗ್ಗವೇ ಹೋಗಬಹುದು. ಆಮೇಲೆ ಮಾಗಲು ಒಂಬತ್ತು ತಿಂಗಳೋ ವರ್ಷವೋ ಬೇಕು. ಮಾಗಿದರೂ ಮೊದಲಿನ ಬಲ ಬರುವುದಿಲ್ಲ. ಓಡದ ಪಂದ್ಯದ ಕುದುರೆಗೆ ಈ ಲೋಕದಲ್ಲಿ ಎಷ್ಟು ಬೇಡಿಕೆ ಇದೆಯೆಂಬುದನ್ನು ವಾಚಕರೇ ಊಹಿಸಿಕೊಳ್ಳಬಹುದು. ಒಳ್ಳೆಯ ವಂಶದ ಹೆಣ್ಣಾದರೆ ತಳಿ ಬೆಳೆಸುವ ಫಾರಮ್ಮಿಗೆ ಹೋದೀತು. ಉಳಿದವುಗಳಿಗೆ ಅದೃಷ್ಟವಿದ್ದರೆ ಸವಾರಿ ಶಾಲೆ.

ಪಶುವೈದ್ಯರು ಬಂದರು. ಯಂತ್ರವಿಟ್ಟು ಕಾಲಿನ ಒಳಚಿತ್ರ ತೆಗೆದರು. ಪರದೆಯನ್ನು ಬಹಳ ಹೊತ್ತು ನೋಡಿ, ‘ಹರಿದಂತೆ ಕಾಣುವುದಿಲ್ಲ. ಓಡಬಹುದೆಂದು ಬರೆದುಕೊಡುವುದಾದರೂ ಬರೆದುಕೊಟ್ಟೇನು. ಆದರೆ ಇದು ನನ್ನ ಕುದುರೆಯಾಗಿದ್ದರೆ ಎಂದು ನನ್ನನ್ನು ಕೇಳಬೇಡಿ’ ಎಂದು ನಕ್ಕು ಹೊರಟುಹೋದರು. ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಯಂತ್ರ ಕಂಡಷ್ಟನ್ನು ಅವರು ಹೇಳಿದರು.

ಉಳಿದದ್ದು ಇಬ್ಬರ ಅಂಗೈಗಳ ಸಾಕ್ಷಿ. ಆ ಇಬ್ಬರಿಗೂ ಆ ಸಾಕ್ಷಿಯಿಂದ ನಷ್ಟವೇ ಹೊರತು ಲಾಭವಿಲ್ಲ. ಗೆದ್ದ ಬಹುಮಾನದಲ್ಲಿ ತರಬೇತುದಾರನಿಗೆ ಪಾಲುಂಟು, ಜಾಕಿಗೆ ಪಾಲುಂಟು, ಸೈಸನಿಗೂ ಉಂಟು. ಚಾಚಾನ ಮೊಮ್ಮಗಳು ನರ್ಸಿಂಗ್ ಶಾಲೆಗೆ ಸೇರಿದ್ದಳು. ಅವಳ ಎರಡನೆಯ ಕಂತಿನ ಶುಲ್ಕಕ್ಕೆ ಅವನು ನಂಬಿದ್ದುದು ಈ ಭಾನುವಾರವನ್ನೇ ಎಂದು ಆಮೇಲೆ ತಿಳಿಯಿತು. ಬೆಳಗಿನ ಮೂರೂವರೆಯ ಕತ್ತಲಲ್ಲಿ ಆ ಕಾಲಿನ ಬಿಸಿ ಅವನೊಬ್ಬನಿಗಲ್ಲದೆ ಬೇರೆ ಯಾರಿಗೂ ಗೊತ್ತಿರಲಿಲ್ಲ. ತಣ್ಣೀರಿನ ಪಟ್ಟಿ ಸುತ್ತಿ ಸುಮ್ಮನಿದ್ದಿದ್ದರೆ ಕೇಳುವವರು ಯಾರಿದ್ದರು? 1996ರಲ್ಲಿ ಸುಪ್ರೀಂ ಕೋರ್ಟು ಕುದುರೆಪಂದ್ಯವು ಬರಿಯ ಅದೃಷ್ಟದಾಟವಲ್ಲ, ಕೌಶಲವೇ ಮುಖ್ಯವಾದುದು ಎಂದು ತೀರ್ಪು ಕೊಟ್ಟಿತು. ಆ ತೀರ್ಪಿನ ಬಲದಿಂದ ಹಣ ಕಟ್ಟುವವರು ತಮ್ಮನ್ನು ಕುಶಲರೆಂದು ಕರೆದುಕೊಳ್ಳುವುದನ್ನು ಕೇಳಿದ್ದೇನೆ. ಅಂದು ನಾನು ಕಂಡ ಕೌಶಲ ಮಾತ್ರ ಆ ಮುದುಕನ ಬೆರಳುಗಳಲ್ಲಿತ್ತು.

ಗೆಳೆಯ ಮಾಲೀಕರಿಗೆ ಫೋನು ಮಾಡಿದ. ಕೇಳಬಾರದೆಂದುಕೊಂಡರೂ ಅತ್ತಲಿನ ದನಿ ನನಗೆ ಕೇಳುವಷ್ಟು ದೊಡ್ಡದಿತ್ತು. ಅವರು ಕೆಟ್ಟವರಲ್ಲ, ಇದನ್ನು ಒತ್ತಿ ಹೇಳುತ್ತೇನೆ. ಬೆಂಗಳೂರಿನ ವರ್ತಕರು. ಮೂರು ಕುದುರೆಗಳ ಖರ್ಚನ್ನು ತಿಂಗಳು ತಪ್ಪದೆ ಕಳುಹಿಸುತ್ತಿದ್ದವರು. ಭಾನುವಾರಕ್ಕೆಂದು ಬೀಗರನ್ನೂ ಸೇರಿಸಿ ಹದಿನೈದು ಮಂದಿಯನ್ನು ಕರೆದಿದ್ದರು. ‘ಡಾಕ್ಟರು ಓಡಬಹುದೆಂದ ಮೇಲೆ ನಿಮ್ಮದೇನು?’ ಎಂಬುದು ಅವರ ಪ್ರಶ್ನೆ. ನ್ಯಾಯವಾದ ಪ್ರಶ್ನೆಯೇ. ಗೆಳೆಯ ಎರಡು ಬಾರಿ, ‘ಬಿಸಿ ಇದೆ ಸಾರ್, ನನ್ನ ಕೈಗೆ ತಿಳಿಯುತ್ತದೆ’ ಎಂದ. ಆ ಮಾತು ಫೋನಿನಲ್ಲಿ ಎಷ್ಟು ಬಡವಾಗಿ ಕೇಳಿತೆಂದರೆ, ನಾನೇ ಆ ಮಾಲೀಕನಾಗಿದ್ದರೆ ನಂಬುತ್ತಿದ್ದೆನೋ ಇಲ್ಲವೋ ಹೇಳಲಾರೆ.

ಫೋನು ಇಟ್ಟು ಅವನು ತಣ್ಣಗಾದ ಕಾಫಿಯನ್ನೇ ಕುಡಿದ. ‘ಓಡಿಸಿ ಕಾಲು ಮುರಿದಿದ್ದರೆ ಊರಿಗೆಲ್ಲ ಕಾಣುತ್ತಿತ್ತು. ಓಡಿಸದೆ ಉಳಿದ ಕಾಲನ್ನು ಯಾರಿಗೆ ತೋರಿಸಲಿ?’ ಎಂದ. ನಾನು ಏನೋ ಸಮಾಧಾನ ಹೇಳಹೋದೆ. ಅವನು ಅಷ್ಟರಲ್ಲಿ ಸೊಪ್ಪು ತಂದವನ ಚೀಟಿ ನೋಡುತ್ತಿದ್ದ. ಮಧ್ಯಾಹ್ನ ಲೆಕ್ಕ, ಸಂಜೆ ಮತ್ತೆ 26 ಕುದುರೆಗಳ 104 ಕಾಲುಗಳನ್ನು ಸವರುವುದು, ರಾತ್ರಿ ಮೇವು. ರಾತ್ರಿಯ ಕಾವಲಿನವನು ಕಳ್ಳರಿಗೆ ಕಿವಿಗೊಡುವುದಿಲ್ಲ. ಯಾವುದಾದರೂ ಕುದುರೆ ಹೊರಳಾಡುವ ಸದ್ದು ಬಂದೀತೆಂದು ಕಿವಿಗೊಡುತ್ತಾನೆ.

ಭಾನುವಾರದ ಓಟ ಕೆಂಪಿಯಿಲ್ಲದೆ ನಡೆಯಿತು. ಗೆದ್ದ ಕುದುರೆ ಓಡಿದ ಕಾಲ ಕೆಂಪಿ ಬೆಳಗಿನ ಅಭ್ಯಾಸದಲ್ಲೇ ಓಡಿದ್ದಕ್ಕಿಂತ ಹೆಚ್ಚೇನೂ ಇರಲಿಲ್ಲವೆಂದು ಲಾಯದ ಹುಡುಗರು ಹೇಳಿದರಂತೆ. ಸೋಮವಾರ ಮಾಲೀಕರಿಂದ ಮಾತು ಬಂತು: ತಮ್ಮ ಮೂರು ಕುದುರೆಗಳನ್ನೂ ಅದೇ ಬಯಲಿನ ಇನ್ನೊಂದು ಲಾಯಕ್ಕೆ ವಹಿಸಬೇಕೆಂದು.

ಆ ಬುಧವಾರ ಬೇರೊಂದು ಕೆಲಸಕ್ಕೆ ಮೈಸೂರಿಗೆ ಹೋದವನು ಸಂಜೆ ಲಾಯಕ್ಕೂ ಹೋದೆ. ಗೆಳೆಯ ಹೊರಗೆ ಬರಲಿಲ್ಲ. ಒಳಗೆ ಲೆಕ್ಕದ ಪುಸ್ತಕ ತೆರೆದುಕೊಂಡು ಕುಳಿತಿದ್ದ. ಮೊದಲ ಎರಡು ಕುದುರೆಗಳು ಆಗಲೇ ಹೋಗಿದ್ದುವು. ಕೆಂಪಿಯನ್ನು ಕರೆದೊಯ್ಯಲು ಹೊಸ ಲಾಯದಿಂದ ಹದಿನೆಂಟು ಇಪ್ಪತ್ತರ ಹುಡುಗನೊಬ್ಬ ಬಂದಿದ್ದ. ಚಾಚಾ ಅದರ ಕೇಸರವನ್ನು ಬಾಚಿ, ಹಗ್ಗವನ್ನು ಕೈಗೆ ಕೊಡುವ ಮುನ್ನ ಹೇಳುತ್ತಿದ್ದ: ನೀರಿಗೆ ಚಿಟಿಕೆ ಉಪ್ಪು ಹಾಕದಿದ್ದರೆ ಕುಡಿಯುವುದಿಲ್ಲ, ಬಲಗಿವಿಯನ್ನು ಮುಟ್ಟಬೇಡ, ಕಚ್ಚುತ್ತದೆ, ಮುಂದಿನ ಎಡಗಾಲನ್ನು ದಿನಾ ಬೆಳಗ್ಗೆ ಬೆಳಕಾಗುವ ಮೊದಲು ನೋಡು, ಮರೆಯಬೇಡ.

ಹುಡುಗ ಸರಿಯೆಂದು ತಲೆಯಾಡಿಸಿ, ಅಲ್ಲಿಯೇ ಬಗ್ಗಿ ಎಡಗಾಲಿಗೆ ಕೈಹಾಕಿದ.

‘ಹಾಗಲ್ಲ ಮಗ, ಮೊದಲು ಬಲಗಾಲು’ ಎಂದ ಮುದುಕ.